ಅಡುಗೆ ಪುಸ್ತಕಗಳ ಕಪಾಟು: ಉಳಿಸುವುದೇನು, ಕಳಿಸುವುದೇನು

ಅಡುಗೆ ಪುಸ್ತಕಗಳೆಂಬ ಹೆಸರಿನಲ್ಲಿ ಮನೆಯೊಂದರಲ್ಲಿ ವರ್ಷಗಟ್ಟಲೆ ಕೂಡಿಬಂದ ರಾಶಿಯಲ್ಲಿ ಪುಸ್ತಕಗಳಷ್ಟೇ ಇರುವುದಿಲ್ಲ. ವಾರಪತ್ರಿಕೆಗಳಿಂದ ಕತ್ತರಿಸಿದ ಪುಟಗಳು, ಯುಗಾದಿ ಮತ್ತು ದೀಪಾವಳಿಯ ವಿಶೇಷಾಂಕಗಳು, ಪ್ರೆಷರ್ ಕುಕ್ಕರ್ ಹಾಗೂ ಮಿಕ್ಸಿಯ ಜೊತೆಗೆ ಬಂದ ಕೈಪಿಡಿಗಳು, ಮಹಿಳಾ ಸಮಾಜವೊಂದು ತನ್ನ ಬೆಳ್ಳಿಹಬ್ಬಕ್ಕೆ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಿಕೆ, ಮದುವೆಯಲ್ಲಿ ಉಡುಗೊರೆಯಾಗಿ ಬಂದ ದಪ್ಪ ರಟ್ಟಿನ ಗ್ರಂಥ, ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟ ಸಾರಿನ ಪುಡಿಯ ಪ್ರಮಾಣ ಇವೆಲ್ಲ ಬೆರೆತುಕೊಂಡಿರುತ್ತವೆ. ಇವುಗಳಲ್ಲಿ ಕೆಲವು ಅಂಗಡಿಯಲ್ಲಿ ಇಂದೂ ಸಿಗುವಂಥವು, ಕೆಲವು ಆ ಮನೆಯ ಹೊರಗೆ ಇನ್ನೆಲ್ಲಿಯೂ ಇಲ್ಲದಂಥವು. ಹೀಗಿರುವಾಗ ಹಳೆಯದೆಂಬ ಕಾರಣಕ್ಕೆ ಎಸೆಯುವುದಾಗಲಿ, ಹಳೆಯದೆಂಬ ಕಾರಣಕ್ಕೇ ಉಳಿಸಿಕೊಳ್ಳುವುದಾಗಲಿ ಸರಿಯಾದ ಕ್ರಮವಾಗಲಾರದು. ಅಡುಗೆ ಪುಸ್ತಕ ಒಲೆಯ ಮುಂದೆ ನಿಂತವರಿಗೆ ದಾರಿ ತೋರುವ ಉಪಕರಣ. ಒಂದು ಮನೆಯ, ಒಂದು ಸಮುದಾಯದ, ಒಂದು ಕಾಲದ ಊಟವನ್ನು ಹಿಡಿದಿಟ್ಟ ದಾಖಲೆಯೂ ಹೌದು. ಉಪಕರಣದ ಬೆಲೆಯನ್ನು ಬಳಕೆಯಿಂದ ಕಟ್ಟಬೇಕು, ದಾಖಲೆಯ ಬೆಲೆಯನ್ನು ಅದು ಬೇರೆಡೆ ಸಿಗುತ್ತದೆಯೇ ಇಲ್ಲವೇ ಎಂಬುದರಿಂದ ಕಟ್ಟಬೇಕು. ಕಪಾಟು ತೆರವು ಮಾಡುವಾಗ ಎದುರಾಗುವ ಗೊಂದಲಗಳಲ್ಲಿ ಬಹುಪಾಲು ಈ ಎರಡು ಲೆಕ್ಕಗಳನ್ನು ಒಂದರೊಳಗೊಂದು ಕಲಸುವುದರಿಂದಲೇ ಹುಟ್ಟುತ್ತವೆ.

ಗ್ರಂಥಾಲಯಗಳಲ್ಲಿ ಬಳಕೆ ತಪ್ಪಿದ ಪುಸ್ತಕಗಳನ್ನು ಕಾಲಕಾಲಕ್ಕೆ ಹಿಂತೆಗೆಯುವುದು ಹೊಸದನ್ನು ತರಿಸುವಷ್ಟೇ ಮುಖ್ಯವಾದ ಕೆಲಸವಾಗಿದೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಸಾರ್ಥಕತೆ ಬಳಕೆಯಲ್ಲಿದೆಯೆಂದು ಸಾರಿದರೆ, ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂದು ವಿಧಿಸುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಈ ವಿದ್ವಾಂಸರು ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲವಾದರೂ, ಬೇಕಾದ ಪುಸ್ತಕ ಬೇಡವಾದವುಗಳ ಹಿಂದೆ ಸಿಕ್ಕಿಕೊಂಡು, ಹುಡುಕಿ ಸೋತವರು ಕೊನೆಗೆ ಮೊಬೈಲಿನ ಮೊರೆ ಹೋಗುವ ಮನೆಗಳಿಗೆ ಅವರ ಸೂತ್ರಗಳು ಚೆನ್ನಾಗಿಯೇ ಹೊಂದುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಜಪಾನಿನ ಮರಿಯೆ ಕೊಂಡೊ ಅವರ ಪುಸ್ತಕಗಳಿಂದ ಪ್ರಸಿದ್ಧವಾಗಿರುವ ಪದ್ಧತಿ, ಅಂದರೆ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಅದು ಮನಸ್ಸಿಗೆ ಮುದ ಕೊಡುತ್ತದೆಯೇ ಎಂದು ಕೇಳಿಕೊಳ್ಳುವ ಪದ್ಧತಿ, ಅಡುಗೆ ಪುಸ್ತಕಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ನುಣುಪು ಕಾಗದದ, ಬಣ್ಣದ ಚಿತ್ರಗಳ ಪುಸ್ತಕ ಒಮ್ಮೆಯೂ ಒಲೆಯ ಬಳಿಗೆ ಹೋಗದಿದ್ದರೂ ಮುದ ಕೊಡುತ್ತಲೇ ಇರುತ್ತದೆ. ಚಿತ್ರವೇ ಇಲ್ಲದ, ಬೆನ್ನು ಹರಿದ ಪುಸ್ತಕ ಯಾರ ಮನಸ್ಸನ್ನೂ ಅರಳಿಸದೆ ವರ್ಷಕ್ಕೆ ಹತ್ತು ಸಲ ಕೆಲಸಕ್ಕೆ ಬರುತ್ತದೆ. ಆರು ತಿಂಗಳು ಮುಟ್ಟದಿದ್ದರೆ ಮನೆಯಿಂದ ಹೊರಗೆ ಹಾಕಬೇಕೆಂಬ ಇನ್ನೊಂದು ಜನಪ್ರಿಯ ನಿಯಮವೂ ಇಲ್ಲಿ ಸಲ್ಲದು, ಏಕೆಂದರೆ ಕರ್ನಾಟಕದ ಮನೆಗಳ ಅಡುಗೆ ಋತು ಮತ್ತು ಹಬ್ಬಗಳ ಜೊತೆಗೆ ಸಾಗುತ್ತದೆ. ಹಪ್ಪಳ ಸಂಡಿಗೆಗಳ ಪುಸ್ತಕಕ್ಕೆ ಬೇಸಿಗೆಯ ಬಿಸಿಲು ಬರಬೇಕು, ಅಪ್ಪೆಮಿಡಿಯ ಉಪ್ಪಿನಕಾಯಿಗೆ ಮಿಡಿ ಸಿಗುವ ಕೆಲವೇ ವಾರಗಳು ಕೂಡಿಬರಬೇಕು, ಚಕ್ಕುಲಿ ಕೋಡುಬಳೆಗಳ ಪುಟಗಳು ಶ್ರಾವಣದಲ್ಲಿ ಕೃಷ್ಣ ಜನ್ಮಾಷ್ಟಮಿ ಬಂದಾಗ ತೆರೆದುಕೊಳ್ಳುತ್ತವೆ, ಸಕ್ಕರೆ ಅಚ್ಚಿನ ಪಾಕ ಸಂಕ್ರಾಂತಿಗೆ ಮಾತ್ರ ಬೇಕಾಗುತ್ತದೆ. ಆದುದರಿಂದ ಬಳಕೆಯ ಪರೀಕ್ಷೆಗೆ ಯುಗಾದಿಯಿಂದ ಯುಗಾದಿಯವರೆಗೆ ಒಂದು ಸುತ್ತು ಪೂರ್ತಿ ಕೊಡಬೇಕು: ಸಂದೇಹಕ್ಕೆ ಎಡೆಯಿರುವ ಪುಸ್ತಕಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ಬೇಕಾದಾಗ ಅದರಿಂದ ತೆಗೆದು ಬಳಸಿದ ಪುಸ್ತಕವನ್ನು ಮಾತ್ರ ಕಪಾಟಿಗೆ ಮರಳಿಸುತ್ತ ಹೋದರೆ, ವರ್ಷದ ಕೊನೆಗೆ ಪೆಟ್ಟಿಗೆಯಲ್ಲಿ ಉಳಿದದ್ದರ ಬಗ್ಗೆ ವಾದವೇ ಬೇಕಾಗುವುದಿಲ್ಲ.

ಮೊದಲ ಜರಡಿ

ಪೆಟ್ಟಿಗೆಗೆ ಯಾವುದು ಹೋಗಬೇಕೆಂಬುದನ್ನು ತಿಳಿಯಲು ಪುಸ್ತಕವೇ ಸಾಕ್ಷಿ ಹೇಳುತ್ತದೆ. ಪುಸ್ತಕದ ಬೆನ್ನನ್ನು ಮೇಜಿಗೆ ಊರಿ ನಿಲ್ಲಿಸಿ, ಎರಡೂ ರಟ್ಟುಗಳನ್ನು ಒಟ್ಟಿಗೆ ಬಿಟ್ಟರೆ, ಅದು ಹೆಚ್ಚು ಬಳಕೆಯಾದ ಪುಟದಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಆ ಪುಟದಲ್ಲಿ ಅರಿಶಿನದ ಬೆರಳಚ್ಚೋ, ಎಣ್ಣೆ ಹೀರಿ ಆಚೆಯ ಅಕ್ಷರ ಕಾಣುವಂತಾದ ಮೂಲೆಯೋ, ಹಿಟ್ಟು ಒಣಗಿ ಗಟ್ಟಿಯಾದ ಅಂಚೋ ಇದ್ದರೆ ಆ ಪುಸ್ತಕ ದುಡಿದಿದೆಯೆಂದು ತಿಳಿಯಬಹುದು. ಇನ್ನೂರು ಪುಟಗಳ ಪುಸ್ತಕದಲ್ಲಿ ಇಂಥ ಗುರುತುಗಳು ಎರಡೇ ಪುಟಗಳಲ್ಲಿದ್ದರೆ ಆ ಎರಡು ತಿನಿಸುಗಳ ವಿಧಾನವನ್ನು ಮನೆಯ ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಂಡು ಪುಸ್ತಕವನ್ನು ಬಿಟ್ಟುಕೊಡುವುದರಿಂದ ನಷ್ಟವೇನೂ ಇಲ್ಲ. ಕಲೆಯಿಲ್ಲದ ಪುಸ್ತಕವೆಲ್ಲ ನಿರುಪಯುಕ್ತವೆಂಬ ತೀರ್ಮಾನಕ್ಕೆ ಮಾತ್ರ ಬರಬಾರದು. ಒಂದೆರಡು ಸಲ ನೋಡಿ ಬಾಯಿಪಾಠವಾದ ಪಾಕದ ಪುಟ ಶುಭ್ರವಾಗಿಯೇ ಉಳಿದಿರುತ್ತದೆ.

ಒಂದೇ ಬಗೆಯ ಹಲವು ಪುಸ್ತಕಗಳಿದ್ದಾಗ ಅವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ದಕ್ಷಿಣ ಭಾರತದ ಅಡುಗೆಯ ಪುಸ್ತಕಗಳಲ್ಲಿ ಬಿಸಿಬೇಳೆಬಾತು, ವಾಂಗಿಬಾತು, ರವೆ ಇಡ್ಲಿಗಳು ಮತ್ತೆ ಮತ್ತೆ ಬರುವುದರಿಂದ ಹತ್ತು ಪುಸ್ತಕಗಳಿರುವ ಮನೆಯಲ್ಲಿ ಹತ್ತು ಬಿಸಿಬೇಳೆಬಾತುಗಳಿರುವುದು ಆಶ್ಚರ್ಯವಲ್ಲ. ಇಂಥಲ್ಲಿ ಚೆನ್ನಾಗಿ ಮಾಡಲು ಬರುವ ಒಂದೇ ತಿನಿಸನ್ನು ಆರಿಸಿಕೊಂಡು, ಎಲ್ಲ ಪುಸ್ತಕಗಳಲ್ಲೂ ಆ ಪುಟವನ್ನು ತೆರೆದು ಅಕ್ಕಪಕ್ಕ ಇಟ್ಟು ಓದುವುದು ಅತ್ಯುತ್ತಮ ಪರೀಕ್ಷೆ. ಮೈಸೂರು ಪಾಕು ಇದಕ್ಕೆ ಹೇಳಿ ಮಾಡಿಸಿದ ತಿನಿಸು, ಏಕೆಂದರೆ ಅದರ ಯಶಸ್ಸೆಲ್ಲ ಸಕ್ಕರೆ ಪಾಕದ ಹದದಲ್ಲಿದೆ. ಒಂದೆಳೆ ಪಾಕವೆಂದರೆ ಪಾಕದ ಹನಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬೆರಳುಗಳನ್ನು ಮೆಲ್ಲಗೆ ಬಿಡಿಸಿದಾಗ ಕಡಿಯದ ಒಂದೇ ಎಳೆ ಏಳುವ ಹಂತ. ಪಾಕ ಬಂದ ಮೇಲೆ ಕಡಲೆಹಿಟ್ಟನ್ನು ಹಾಕಬೇಕು ಎಂದಷ್ಟೇ ಹೇಳಿ ಮುಂದೆ ಹೋಗುವ ಪುಸ್ತಕಕ್ಕೂ, ಎಳೆಯ ಗುರುತನ್ನು ಹೇಳಿ, ತುಪ್ಪವನ್ನು ಎಷ್ಟೆಷ್ಟಾಗಿ ಹೊಯ್ಯಬೇಕು, ಮಿಶ್ರಣ ಬಾಣಲೆಯ ಅಂಚು ಬಿಟ್ಟು ಗೂಡುಗೂಡಾಗಿ ನೊರೆಯುವಾಗ ತಟ್ಟೆಗೆ ಸುರಿಯಬೇಕು ಎಂಬುದನ್ನೆಲ್ಲ ಬಿಡಿಸಿ ಹೇಳುವ ಪುಸ್ತಕಕ್ಕೂ ಇರುವ ಅಂತರ ಈ ಒಂದು ಪುಟದಲ್ಲಿಯೇ ಗೊತ್ತಾಗುತ್ತದೆ. ಎರಡನೆಯ ಬಗೆಯ ಪುಸ್ತಕ ಒಂದಿದ್ದರೆ ಮೊದಲನೆಯ ಬಗೆಯ ಐದನ್ನು ಕಳಿಸಿಬಿಡಬಹುದು.

ಇಂದೂ ಮರುಮುದ್ರಣಗೊಳ್ಳುತ್ತಿರುವ ಪುಸ್ತಕಗಳ ವಿಷಯದಲ್ಲಿ ಆತಂಕಪಡಬೇಕಾದುದಿಲ್ಲ. ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರು 1951ರಲ್ಲಿ ತಮಿಳಿನಲ್ಲಿ ಪ್ರಕಟಿಸಿದ 'ಸಮೈತ್ತುಪ್ಪಾರ್', ಕಮಲಾಬಾಯಿ ಓಗಲೆ ಅವರ ಮರಾಠಿಯ 'ರುಚಿರಾ' ಮೊದಲಾದವು ತಲೆಮಾರುಗಳಿಂದ ಮಾರಾಟವಾಗುತ್ತ ಬಂದ ಕೃತಿಗಳಾದ್ದರಿಂದ, ಅವುಗಳ ಜೀರ್ಣವಾದ ಪ್ರತಿಯನ್ನು ಬಿಟ್ಟುಕೊಟ್ಟವರು ಬೇಕೆನಿಸಿದಾಗ ಮತ್ತೆ ಕೊಳ್ಳಬಹುದು; ಅಂಚಿನಲ್ಲಿ ಮನೆಯವರ ಟಿಪ್ಪಣಿಗಳಿದ್ದರೆ ಮಾತ್ರ ಅದು ಬೇರೆಯೇ ವಸ್ತುವಾಗುತ್ತದೆ. ಮೂರನೆಯ ಮಂಗರಸನು 1508ರ ಸುಮಾರಿಗೆ ಷಟ್ಪದಿಯಲ್ಲಿ ರಚಿಸಿದ 'ಸೂಪಶಾಸ್ತ್ರ', 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ' ಇಂಥವುಗಳ ಆವೃತ್ತಿಗಳು ಮನೆಯಲ್ಲಿದ್ದರೆ ಅವುಗಳ ಸ್ಥಾನ ಸಾಹಿತ್ಯದ ಕಪಾಟು. ಅಡುಗೆ ಕಪಾಟಿನಲ್ಲಿ ಅವನ್ನು ಬಳಕೆಯ ಪರೀಕ್ಷೆಗೆ ಒಡ್ಡುವುದು ಅನ್ಯಾಯ.

ಅಳತೆ ಬದಲಾದ ಪುಸ್ತಕಗಳು

ಹಳೆಯ ಪುಸ್ತಕವನ್ನು ಉಪಕರಣವಾಗಿ ಉಳಿಸಿಕೊಳ್ಳುವ ಮುನ್ನ ಅದರ ಅಳತೆಗಳನ್ನು ಪರಿಶೀಲಿಸುವುದು ಅಗತ್ಯ. ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯ್ದೆಯನ್ವಯ ಮೆಟ್ರಿಕ್ ತೂಕಗಳು 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂದುದರಿಂದ, ಅದಕ್ಕೆ ಮೊದಲು ಅಚ್ಚಾದ ಹಾಗೂ ಅನಂತರವೂ ಹಳೆಯ ರೂಢಿಯಲ್ಲೇ ಬರೆದ ಪುಸ್ತಕಗಳಲ್ಲಿ ಸೇರು, ಪಾವು, ಚಟಾಕು, ತೊಲಗಳ ಲೆಕ್ಕವಿರುತ್ತದೆ. ಪಾವು ಸೇರಿನ ಕಾಲು ಭಾಗ, ಚಟಾಕು ಪಾವಿನ ಕಾಲು ಭಾಗ, ತೊಲವೆಂದರೆ ಸುಮಾರು 11.66 ಗ್ರಾಂ. ತೊಡಕಿರುವುದು ಸೇರಿನಲ್ಲಿ. ಬ್ರಿಟಿಷ್ ಭಾರತದ ಪ್ರಮಾಣಿತ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ ತೂಗುತ್ತಿದ್ದರೆ, ಹಳೆಯ ಮೈಸೂರಿನ ಕಡೆ ಬಳಕೆಯಲ್ಲಿದ್ದ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ ಮಾತ್ರ. ಅದರ ಮೇಲೆ ಅಕ್ಕಿ ಬೇಳೆಗಳನ್ನು ಅಳೆಯುವ ಪಾತ್ರೆಯ ಸೇರು ಬೇರೆಯೇ ಇತ್ತು. ಒಂದೇ ಹೆಸರಿನ ಅಳತೆ ಊರಿಂದೂರಿಗೆ ಮೂರು ಪಟ್ಟಿಗಿಂತ ಹೆಚ್ಚು ಬದಲಾಗುತ್ತಿದ್ದುದರಿಂದ, ಉಪ್ಪಿನ ಪ್ರಮಾಣವೇ ಕೆಡದಂತೆ ಕಾಯುವ ಉಪ್ಪಿನಕಾಯಿಯ ವಿಷಯದಲ್ಲಿ ಪುಸ್ತಕ ಎಲ್ಲಿಯದೆಂದು ತಿಳಿಯದೆ ಸೇರಿನ ಲೆಕ್ಕ ಹಿಡಿಯುವುದು ಅಪಾಯಕಾರಿ. ಪುಸ್ತಕವನ್ನು ಉಳಿಸಿಕೊಳ್ಳುವುದಾದರೆ ಅದರ ಪ್ರಕಟಣೆಯ ಊರನ್ನು ನೋಡಿ, ಒಮ್ಮೆ ಸಣ್ಣ ಪ್ರಮಾಣದಲ್ಲಿ ಮಾಡಿ ಪರೀಕ್ಷಿಸಿ, ಸರಿಹೊಂದಿದ ಗ್ರಾಂ ಲೆಕ್ಕವನ್ನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿಡಬೇಕು. ವಿದೇಶದಲ್ಲಿ ನೆಲೆಸಿದ ಮಕ್ಕಳು ತಂದ ಪುಸ್ತಕಗಳಲ್ಲಿಯೂ ಇದೇ ಬಗೆಯ, ಆದರೆ ಚಿಕ್ಕ ಪ್ರಮಾಣದ ವ್ಯತ್ಯಾಸವಿದೆ: ಆಸ್ಟ್ರೇಲಿಯಾದ ಪುಸ್ತಕದ ಟೇಬಲ್ ಚಮಚ 20 ಮಿಲಿಲೀಟರಿನದು, ಅಮೆರಿಕದ್ದು ಸುಮಾರು 15 ಮಿಲಿಲೀಟರಿನದು.

ಅಳತೆಯಂತೆಯೇ ಪದಾರ್ಥಗಳ ಬಗೆಗಿನ ತಿಳಿವಳಿಕೆಯೂ ಬದಲಾಗಿದೆ. ಸಿಹಿತಿಂಡಿಗಳಿಗೆಲ್ಲ ವನಸ್ಪತಿಯನ್ನೇ ಹೇಳುವ ಪುಸ್ತಕಗಳು ಬಂದ ಕಾಲದಲ್ಲಿ ಅದರಲ್ಲಿನ ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಯನ್ನು ಜಲಜನಕದಿಂದ ಗಟ್ಟಿಯಾಗಿಸುವಾಗ ಉಂಟಾಗಿ ಹೃದ್ರೋಗದ ಸಾಧ್ಯತೆಯನ್ನು ಹೆಚ್ಚಿಸುವ ಕೊಬ್ಬು, ಚರ್ಚೆಯ ವಿಷಯವಾಗಿರಲಿಲ್ಲ. 2022ರ ಜನವರಿಯಿಂದ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಮಿತಿಯನ್ನು ಶೇ. 2ಕ್ಕೆ ಇಳಿಸಿದೆ. ಗೋಬಿ ಮಂಚೂರಿಗೆ ಕೆಂಪು ಬಣ್ಣ ಬೆರೆಸಲು ಸೂಚಿಸುವ ಪುಟಗಳ ಬಗ್ಗೆಯೂ ಎಚ್ಚರ ಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಇಂಥ ಸೂಚನೆಯೊಂದು ಇದ್ದ ಮಾತ್ರಕ್ಕೆ ಪುಸ್ತಕವನ್ನು ತ್ಯಜಿಸಬೇಕಾಗಿಲ್ಲ, ಆ ಸಾಲನ್ನು ಹೊಡೆದುಹಾಕಿದರೆ ಸಾಕು.

ಪತ್ರಿಕೆಯ ತುಣುಕುಗಳ ವಿಷಯವನ್ನು ಬೇಗ ಮುಗಿಸಬಹುದು. ಅವು ಕೂಡಿದಷ್ಟು ವೇಗವಾಗಿ ಯಾವುದೂ ಕೂಡುವುದಿಲ್ಲ, ಅವುಗಳಷ್ಟು ಕಡಿಮೆ ಬಳಕೆಯಾಗುವುದೂ ಮತ್ತೊಂದಿಲ್ಲ. ಒಂದು ಸಲವೂ ಮಾಡಿ ನೋಡದ ತುಣುಕುಗಳನ್ನು ನಿರ್ದಾಕ್ಷಿಣ್ಯವಾಗಿ ಬೇರ್ಪಡಿಸಿ, ಮಾಡಿ ಮೆಚ್ಚಿದವುಗಳನ್ನು ಮಾತ್ರ ಪ್ಲಾಸ್ಟಿಕ್ ಲಕೋಟೆಗಳಿರುವ ಕಡತದಲ್ಲಿ ಸೇರಿಸಬೇಕು. ಇಡೀ ವಿಶೇಷಾಂಕವನ್ನು ಒಂದು ಪುಟದ ಹೋಳಿಗೆಗಾಗಿ ಇಟ್ಟುಕೊಳ್ಳುವುದು ವ್ಯರ್ಥ. ಕುಕ್ಕರಿನ ಕೈಪಿಡಿ ಮಾತ್ರ ಇದಕ್ಕೆ ಅಪವಾದ: ಯಾವ ಕಾಳಿಗೆ ಎಷ್ಟು ನೀರು, ಎಷ್ಟು ನಿಮಿಷ ಎಂಬ ಅದರ ಕೋಷ್ಟಕ ಆ ಕುಕ್ಕರ್ ಮನೆಯಲ್ಲಿರುವವರೆಗೂ ಉಪಯುಕ್ತ.

ಕೈಬರಹದ ಪುಸ್ತಕ

ದಾಖಲೆಯೆಂಬ ಲೆಕ್ಕದಲ್ಲಿ ಕೈಬರಹದ ಅಡುಗೆ ಪುಸ್ತಕಕ್ಕೆ ಸಮನಾದುದು ಕಪಾಟಿನಲ್ಲಿ ಇನ್ನೊಂದಿರುವುದಿಲ್ಲ. ಅಂಥ ಪುಸ್ತಕದಲ್ಲಿ ಹುಳಿಪುಡಿಯ ಪ್ರಮಾಣದ ಪಕ್ಕದಲ್ಲೇ ಹಾಲಿನ ಲೆಕ್ಕವಿರುತ್ತದೆ, ಉಪನಯನದ ಅಡುಗೆಗೆ ಐವತ್ತು ಎಲೆಗೆ ಎಷ್ಟು ಬೇಳೆ, ಎಷ್ಟು ಬೆಲ್ಲ ಎಂಬ ಪಟ್ಟಿಯಿರುತ್ತದೆ, ಪಾಕವನ್ನು ಹೇಳಿಕೊಟ್ಟ ಅತ್ತಿಗೆಯ ಊರಿನ ಹೆಸರಿರುತ್ತದೆ. ಎಷ್ಟು ಜನ ಎನ್ನುವುದಕ್ಕೆ ಎಷ್ಟು ಎಲೆ ಎಂದು ಎಣಿಸುವ ರೂಢಿಯೂ, ಈಗ ಬಳಕೆ ತಪ್ಪಿದ ಸೊಪ್ಪುಗಳ ಹೆಸರುಗಳೂ ಉಳಿದಿರುವುದು ಬಹುಮಟ್ಟಿಗೆ ಇಂಥ ಪುಟಗಳಲ್ಲಿ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಕನಿಷ್ಠ 75 ವರ್ಷ ಹಳೆಯದಾದ, ವೈಜ್ಞಾನಿಕ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ ಕೈಬರಹವನ್ನು ಹಸ್ತಪ್ರತಿಯೆಂದು ಪರಿಗಣಿಸಿತ್ತು. ಸ್ವಾತಂತ್ರ್ಯದ ಕಾಲಕ್ಕೆ ಸಂಸಾರ ಹೂಡಿದವರ ಅಡುಗೆ ಪುಸ್ತಕಗಳು ವಯಸ್ಸಿನ ದೃಷ್ಟಿಯಿಂದಲಾದರೂ ಆ ಗಡಿಯನ್ನು ಈಗಾಗಲೇ ದಾಟಿವೆ.

ಇವುಗಳನ್ನು ಕಾಪಾಡುವ ಉತ್ಸಾಹದಲ್ಲಿ ಮಾಡುವ ಕೆಲಸಗಳೇ ಹಲವೊಮ್ಮೆ ಅವುಗಳನ್ನು ಹಾಳುಮಾಡುತ್ತವೆ. ಹರಿದ ಪುಟಕ್ಕೆ ಹಚ್ಚಿದ ಸೆಲ್ಲೋಟೇಪು ಕೆಲವು ವರ್ಷಗಳಲ್ಲಿ ಹಳದಿಯಾಗಿ ಉದುರಿ, ಅದರ ಅಂಟು ಮಾತ್ರ ಕಾಗದದೊಳಕ್ಕೆ ಇಳಿದು ಕಂದು ಪಟ್ಟಿಯಾಗಿ ಉಳಿಯುತ್ತದೆ. ಬಿಸಿಯೊತ್ತಿ ಮಾಡಿದ ಲ್ಯಾಮಿನೇಷನ್ನನ್ನು ಮತ್ತೆ ಬಿಡಿಸಲಾಗದು. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಮೈದಾ ಹಿಟ್ಟಿನ ಅಂಟಿನಿಂದ ಹಚ್ಚುವುದೇ ಮನೆಯಲ್ಲಿ ಮಾಡಬಹುದಾದ ಸುರಕ್ಷಿತ ದುರಸ್ತಿ. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯುಂಟು. ಅದು ವಿಷವಾದುದರಿಂದ, ಅಡುಗೆ ಕಟ್ಟೆಯ ಮೇಲೆ ತೆರೆದಿಡುವ ಪುಸ್ತಕಕ್ಕೆ ಅದು ಬೇಡವೆಂದು ಮೊದಲೇ ತಿಳಿಸಬೇಕು. ಪಿನ್ನು ತುಕ್ಕು ಹಿಡಿದಿದ್ದರೆ ಬಿಡಿಸಿ ನೂಲಿನಿಂದ ಹೊಲಿಯಬೇಕು.

ಹುಳು ಹತ್ತಿದ ಪುಸ್ತಕವನ್ನು ಕಪಾಟಿನ ಉಳಿದವುಗಳಿಂದ ತಕ್ಷಣ ದೂರವಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುಗಳು ಸಾಯುತ್ತವೆ; ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೂ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕಟ್ಟುತ್ತದೆ. ಗಾಳಿಯ ತೇವಾಂಶ ಶೇ. 65ನ್ನು ಮೀರಿ ದಿನಗಟ್ಟಲೆ ಉಳಿದರೆ ಬೂಷ್ಟು ಹಿಡಿಯುವುದರಿಂದ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕಗಳನ್ನು ಹೊರಗೋಡೆಗೆ ಒತ್ತಿಡದೆ, ನಡುವೆ ಗಾಳಿಯಾಡುವಂತೆ ಜೋಡಿಸಬೇಕು. ಒಲೆಯ ಮೇಲ್ಭಾಗದ ಕಪಾಟು ಕೈಗೆ ಹತ್ತಿರವೆಂದು ಎಷ್ಟೇ ಅನುಕೂಲಕರವಾಗಿ ತೋರಿದರೂ, ಒಗ್ಗರಣೆಯ ಹೊಗೆ ಮತ್ತು ಆವಿ ನೇರವಾಗಿ ತಾಗುವ ಆ ಜಾಗದಷ್ಟು ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ.

ಕೈಬರಹದ ಪ್ರತಿಯೊಂದು ಪುಟವನ್ನೂ, ಖಾಲಿ ಪುಟ ಮತ್ತು ರಟ್ಟನ್ನೂ ಬಿಡದೆ, ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಒಂದು ಕಡತವಾಗಿ ಕೂಡಿಸಿ, ಎರಡು ಬೇರೆ ಬೇರೆ ಕಡೆ ಉಳಿಸಬೇಕು. ಅಚ್ಚಾದ ಕನ್ನಡವನ್ನು ಯಂತ್ರಗಳು ಈಗ ತಕ್ಕಮಟ್ಟಿಗೆ ಓದುತ್ತವೆಯಾದರೂ ಮೋಡಿಯಾಗಿ ಬರೆದ ಅಕ್ಷರಗಳಿಗೆ ಮನೆಯ ಹಿರಿಯರ ಕಣ್ಣೇ ಬೇಕು. ಅಣ್ಣತಮ್ಮಂದಿರ ಸಂಸಾರಗಳು ಬೇರೆ ಬೇರೆ ಊರುಗಳಲ್ಲಿರುವಾಗ ಮೂಲ ಪುಸ್ತಕ ಯಾರ ಬಳಿ ಇರಬೇಕೆಂಬ ಜಗಳವೂ ಈ ಪ್ರತಿಗಳಿಂದ ಎಷ್ಟೋ ತಗ್ಗುತ್ತದೆ.

ಉಳಿದದ್ದರ ಜೋಡಣೆ, ಹೊರಟದ್ದರ ದಾರಿ

ಉಳಿದ ಪುಸ್ತಕಗಳಿಗೆ ಒಂದು ಸೂಚಿ ಬೇಕು. ಕನ್ನಡದ ಅಡುಗೆ ಪುಸ್ತಕಗಳಲ್ಲಿ ಮೊದಲಿಗೆ ಪರಿವಿಡಿ ಇರುವುದುಂಟೇ ಹೊರತು ಕೊನೆಯಲ್ಲಿ ಅಕಾರಾದಿ ಸೂಚಿ ಇರುವುದು ಅಪರೂಪ. ಈ ಸೂಚಿಯನ್ನು ತಿನಿಸಿನ ಹೆಸರಿನಿಂದ ಮಾಡುವುದಕ್ಕಿಂತ ತರಕಾರಿಯ ಹೆಸರಿನಿಂದ ಮಾಡುವುದು ಮೇಲು, ಏಕೆಂದರೆ ಹುಳಿ, ಸಾಂಬಾರು, ಕೊದ್ದೆಲು ಎಂದು ಸೀಮೆಗೊಂದು ಹೆಸರಿರುವಲ್ಲಿ ಹೆಸರು ಹಿಡಿದು ಹುಡುಕುವವರಿಗೆ ಸಿಗುವುದು ಕಡಿಮೆ. ಮೇಲಾಗಿ ಮನೆಯಲ್ಲಿ ಮೊದಲು ಇರುವುದು ಒಂದು ಬಾಳೆದಿಂಡೋ ದೀವಿ ಹಲಸೋ, ಅದನ್ನು ಏನು ಮಾಡಬೇಕೆಂಬುದು ಆಮೇಲಿನ ಪ್ರಶ್ನೆ.

ಬಿಟ್ಟುಕೊಡಲು ತೀರ್ಮಾನಿಸಿದ ಪುಸ್ತಕಗಳನ್ನು ಮೊದಲು ಬಂಧುಗಳಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ, ಹಾಸ್ಟೆಲಿನಿಂದ ಬಾಡಿಗೆ ಮನೆಗೆ ಹೋಗುವವರಿಗೆ ತೋರಿಸಿ, ಅವರು ಆರಿಸಿಕೊಂಡದ್ದನ್ನು ಮಾತ್ರ ಕೊಡಬೇಕು. ಆರಿಸದೆ ಹೊರಿಸಿದ ಪುಸ್ತಕ ಇನ್ನೊಂದು ಕಪಾಟಿನ ಕಸವಾಗುತ್ತದೆ. ಯಾರೂ ಆರಿಸದೆ ಉಳಿದವುಗಳಿಗೆ ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆಯ ಮತ್ತು ಚರ್ಚ್ ಸ್ಟ್ರೀಟಿನ ಸುತ್ತಮುತ್ತ ಹಳೆಯ ಪುಸ್ತಕದ ಅಂಗಡಿಗಳಿವೆ. ಗ್ರಂಥಾಲಯಕ್ಕೆ ಕೊಡುವ ಮುನ್ನ ಅವರಿಗೆ ಬೇಕೇ ಎಂದು ಕೇಳುವುದು ಸೌಜನ್ಯ. ಎಣ್ಣೆ ಹೀರಿದ ಕಾಗದ ಮರುಬಳಕೆಗೆ ಒದಗದ ಕಾರಣ ಅಂಥ ಪುಟಗಳನ್ನು ರದ್ದಿಯ ಜೊತೆ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸಬಹುದು, ನುಣುಪು ಲೇಪನದ ಕಾಗದವನ್ನು ಮಾತ್ರ ಹಾಗೆ ಮಾಡುವಂತಿಲ್ಲ.

ಈ ಎಲ್ಲದರ ನಡುವೆ ಸುಲಭವಾಗಿ ರದ್ದಿಗೆ ಹೋಗಿಬಿಡುವುದು ಮಹಿಳಾ ಸಮಾಜಗಳು, ಮಠಗಳು, ಜಾತಿ ಸಂಘಗಳು ಖಾಸಗಿಯಾಗಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿದ ಪುಸ್ತಿಕೆಗಳು. ಪ್ರಕಾಶಕರು ತಮ್ಮ ಪ್ರಕಟಣೆಯ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದವುಗಳಿಗೆ ಕಳಿಸಬೇಕೆಂಬ ಕಾನೂನು 1954ರಿಂದಲೂ ಇದ್ದರೂ, ಮಾರಾಟಕ್ಕೆಂದೇ ಅಚ್ಚಾಗದ ಇಂಥ ಪುಸ್ತಿಕೆಗಳು ಅಲ್ಲಿ ಇವೆಯೆಂದು ನಂಬಿಕೊಳ್ಳುವಂತಿಲ್ಲ. ಆದುದರಿಂದ ಬೆಲೆಯಾಗಲಿ ಬೆನ್ನಾಗಲಿ ಇಲ್ಲದ, ಎರಡು ಪಿನ್ನುಗಳ ಇಂಥ ಪುಸ್ತಿಕೆಯೊಂದು ಕಪಾಟಿನಲ್ಲಿ ಸಿಕ್ಕಿದರೆ, ಅದನ್ನು ತೂಕಕ್ಕೆ ಹಾಕುವ ಮುನ್ನ ಪ್ರಕಟಿಸಿದ ಸಂಘದ ಹೆಸರು, ಊರು, ವರ್ಷಗಳನ್ನು ಒಳರಟ್ಟಿನಲ್ಲಿ ಬರೆದು, ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಯ ಗ್ರಂಥಾಲಯವನ್ನೋ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನೋ ಒಮ್ಮೆ ವಿಚಾರಿಸಬೇಕೆಂದು ಓದುಗರಲ್ಲಿ ವಿನಂತಿ.